ಹಾಲು, ಮೊಟ್ಟೆ, ಮಾಂಸ ಬಿಟ್ಟ ಮೇಲೆ ಹೊಟ್ಟೆ ತುಂಬಿದಂತೆಯೇ ಆಗದಿದ್ದರೆ

ಪ್ರಶ್ನೆ: ನನಗೆ 36 ವರ್ಷ, ಹಾಸನ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕಿ. ಪ್ರಾಣಿಗಳ ಮೇಲಿನ ಕಾಳಜಿಯಿಂದ ಐದು ತಿಂಗಳ ಹಿಂದೆ ಮಾಂಸ, ಮೊಟ್ಟೆಯ ಜೊತೆಗೆ ಹಾಲು, ಮೊಸರು, ತುಪ್ಪವನ್ನೂ ಬಿಟ್ಟೆ. ಮೊದಲೆಲ್ಲ ಬೆಳಿಗ್ಗೆ ಎರಡು ಬೇಯಿಸಿದ ಮೊಟ್ಟೆ, ಎರಡು ಹೊತ್ತೂ ಊಟದ ಕೊನೆಗೆ ಒಂದೊಂದು ಬಟ್ಟಲು ಮೊಸರು, ದಿನಕ್ಕೆರಡು ಲೋಟ ಹಾಲಿನ ಕಾಫಿ, ಭಾನುವಾರ ಕೋಳಿ ಸಾರು ಇರುತ್ತಿತ್ತು. ಈಗ ಬೆಳಿಗ್ಗೆ ಮೂರು ಇಡ್ಲಿ ಅಥವಾ ಉಪ್ಪಿಟ್ಟು, ಮಧ್ಯಾಹ್ನ ಡಬ್ಬಿಯಲ್ಲಿ ಅನ್ನ, ಸಾರು, ಪಲ್ಯ, ರಾತ್ರಿ ಎರಡು ಚಪಾತಿ ಮತ್ತು ಸ್ವಲ್ಪ ಅನ್ನ-ಸಾರು. ಸಂಜೆ ನಾಲ್ಕಕ್ಕೆ ತಡೆಯಲಾರದ ಹಸಿವು, ಬಿಸ್ಕತ್ತು, ಬಜ್ಜಿ ತಿನ್ನುತ್ತೇನೆ. ರಾತ್ರಿ ಹೊಟ್ಟೆ ಭಾರವಾಗಿದ್ದರೂ ಊಟ ಮುಗಿದಂತೆ ಅನಿಸುವುದಿಲ್ಲ, ಮಲಗುವ ಮುಂಚೆ ಮತ್ತೆ ಡಬ್ಬ ತಡಕುತ್ತೇನೆ. ಹಾಗಿದ್ದೂ ತೂಕ 60 ಕೆ.ಜಿ.ಯಿಂದ 57ಕ್ಕೆ ಇಳಿದಿದೆ. ಕಾಳು ಹೆಚ್ಚು ತಿನ್ನೋಣವೆಂದರೆ ಗ್ಯಾಸ್. ಮನೆಯಲ್ಲಿ ನಾಲ್ಕು ಜನ, ಎರಡು ಹೊತ್ತಿನ ಸಾರಿಗೆ ಸುಮಾರು 100 ಗ್ರಾಂ ತೊಗರಿಬೇಳೆ ಹಾಕುತ್ತೇವೆ. ‘ಬರೀ ಸೊಪ್ಪು ಸದೆ ತಿಂದರೆ ಮೈಗೆ ಹತ್ತುತ್ತದೆಯೇ’ ಎಂದು ಅತ್ತೆಯವರು ಕೇಳುತ್ತಾರೆ, ಪ್ರೋಟೀನ್ ಪುಡಿ ಇಲ್ಲದೆ ಆಗದು ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ನನ್ನ ದೇಹಕ್ಕೆ ಈ ಆಹಾರ ಒಗ್ಗುವುದೇ ಇಲ್ಲವೇ?

ಉತ್ತರ: ಬೇಳೆಯ ಅಳತೆಯನ್ನೂ ಬರೆದು ಕಳುಹಿಸಿದ್ದೀರಿ, ಬಹಳ ಒಳ್ಳೆಯದಾಯಿತು. ನಿಮ್ಮ ತೊಂದರೆಯ ಹೆಚ್ಚಿನ ಪಾಲು ಆ ಒಂದು ಸಾಲಿನಲ್ಲಿದೆ. ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಚಿಂತೆಗಳಿವೆ. ತಿಂದ ಎರಡು-ಮೂರು ಗಂಟೆಗೆ ನಿಜವಾದ ಹಸಿವಾಗುವುದು ಒಂದು, ಹೊಟ್ಟೆ ಭಾರವಾಗಿದ್ದೂ ಮನಸ್ಸಿಗೆ ಊಟವಾಗದಿರುವುದು ಇನ್ನೊಂದು. ಇವೆರಡಕ್ಕೂ ಕಾರಣ ಬೇರೆ, ಪರಿಹಾರವೂ ಬೇರೆ. ದೇಹಕ್ಕೆ ಒಗ್ಗುತ್ತಿಲ್ಲ ಎನ್ನಲು ನೀವು ಬರೆದುದರಲ್ಲಿ ನನಗೆ ಯಾವ ಆಧಾರವೂ ಕಾಣುವುದಿಲ್ಲ.

ಪ್ರಾಣಿಜನ್ಯ ಆಹಾರವಿಲ್ಲದೆ ಹೊಟ್ಟೆ ತುಂಬದು ಎಂಬ ಮಾತು ಎಷ್ಟು ನಿಜವೆಂದು ಮೊದಲು ನೋಡೋಣ. ಸಿಡ್ನಿ ವಿಶ್ವವಿದ್ಯಾಲಯದ ಸುಸಾನಾ ಹೋಲ್ಟ್ ಮತ್ತು ಸಂಗಡಿಗರು 1995ರಲ್ಲಿ 38 ಆಹಾರಗಳನ್ನು ಒಂದೇ ಪ್ರಮಾಣದ ಕ್ಯಾಲರಿಗೆ ಸರಿಯಾಗಿ ಅಳೆದು ಜನರಿಗೆ ಕೊಟ್ಟು, ಮುಂದಿನ ಎರಡು ಗಂಟೆ ಅವರ ಹೊಟ್ಟೆ ಎಷ್ಟು ತುಂಬಿದಂತಿರುತ್ತದೆ ಎಂದು ದಾಖಲಿಸಿದರು. ಬಿಳಿ ಬ್ರೆಡ್ಡಿಗೆ 100 ಅಂಕವೆಂದು ಇಟ್ಟುಕೊಂಡರೆ ದನದ ಮಾಂಸಕ್ಕೆ 176, ಮೊಟ್ಟೆಗೆ 150 ಬಂದವು. ಎಲ್ಲಕ್ಕಿಂತ ಮೇಲೆ ನಿಂತದ್ದು ಬೇಯಿಸಿದ ಆಲೂಗಡ್ಡೆ, 323. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಮತ್ತು ಸಂಗಡಿಗರು 20 ಜನರನ್ನು ಅಲ್ಲಿಯೇ ಇರಿಸಿಕೊಂಡು ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದೇ ದಿಕ್ಕಿನಲ್ಲಿದೆ: ಎರಡು ವಾರ ಕಡಿಮೆ ಜಿಡ್ಡಿನ ಸಸ್ಯಾಹಾರವನ್ನೂ ಇನ್ನೆರಡು ವಾರ ಮಾಂಸ, ಮೊಟ್ಟೆ, ಹಾಲಿನ ಪದಾರ್ಥಗಳು ಹೆಚ್ಚಿರುವ ಆಹಾರವನ್ನೂ ಬೇಕಾದಷ್ಟು ತಿನ್ನಲು ಬಿಟ್ಟಾಗ, ಸಸ್ಯಾಹಾರದ ವಾರಗಳಲ್ಲಿ ಅವರು ದಿನಕ್ಕೆ 500ಕ್ಕೂ ಹೆಚ್ಚು ಕ್ಯಾಲರಿ ಕಡಿಮೆ ತಿಂದರು, ಆದರೂ ಹಸಿವು ಹೆಚ್ಚಿತೆಂದಾಗಲಿ ಊಟ ರುಚಿಸಲಿಲ್ಲವೆಂದಾಗಲಿ ಹೇಳಲಿಲ್ಲ. ಅಲ್ಲಿ ಬಡಿಸಿದ ಸಸ್ಯಾಹಾರದಲ್ಲಿ ತರಕಾರಿ, ಕಾಳು ಧಾರಾಳವಾಗಿದ್ದವು ಎಂಬುದನ್ನು ಮಾತ್ರ ಮರೆಯಬಾರದು. ಸಸ್ಯಾಹಾರವೆಂಬ ಕಾರಣಕ್ಕೇ ಯಾವ ಊಟವೂ ಹೊಟ್ಟೆ ತುಂಬಿಸುವುದಿಲ್ಲ, ಖಾಲಿಯೂ ಬಿಡುವುದಿಲ್ಲ. ತಟ್ಟೆಗೆ ಏನು, ಎಷ್ಟು ಬಿತ್ತು ಎಂಬುದೇ ಮುಖ್ಯ.

ಈಗ ನಿಮ್ಮ ತಟ್ಟೆಗೆ ಬರೋಣ. ಎರಡು ಮೊಟ್ಟೆಯಲ್ಲಿ 12ರಿಂದ 13 ಗ್ರಾಂ, ಎರಡು ಬಟ್ಟಲು ಮೊಸರಿನಲ್ಲಿ ಸುಮಾರು 10 ಗ್ರಾಂ, ಕಾಫಿಯ ಹಾಲಿನಲ್ಲಿ ಆರು ಗ್ರಾಂ ಪ್ರೋಟೀನ್ ಎಂದು ಹಿಡಿದರೂ, ಭಾನುವಾರದ ಕೋಳಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆಯೇ, ನೀವು ದಿನಕ್ಕೆ ಸುಮಾರು 28 ಗ್ರಾಂ ಪ್ರೋಟೀನನ್ನೂ ಅದರೊಂದಿಗೆ 25 ಗ್ರಾಂನಷ್ಟು ಜಿಡ್ಡನ್ನೂ ಬಿಟ್ಟಿದ್ದೀರಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಶಿಫಾರಸಿನಂತೆ ಆರೋಗ್ಯವಂತ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗೆ 0.83 ಗ್ರಾಂ ಪ್ರೋಟೀನ್ ಸಾಕು, ನಿಮ್ಮ ತೂಕಕ್ಕೆ ಅದು 47-48 ಗ್ರಾಂ ಆಗುತ್ತದೆ. ಅಂದರೆ ದಿನದ ಅಗತ್ಯದ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಕೊಡುತ್ತಿದ್ದ ಪದಾರ್ಥಗಳು ಹೋದವು, ಆ ಜಾಗಕ್ಕೆ ಬಂದದ್ದು ಬಿಸ್ಕತ್ತು ಮತ್ತು ಬಜ್ಜಿ. ಇಳಿದ ಮೂರು ಕಿಲೋ ಹೇಳುತ್ತಿರುವುದೂ ಅದನ್ನೇ. ನಿಮ್ಮ ಹಸಿವು ಚಪಲವಲ್ಲ, ದೇಹ ನ್ಯಾಯವಾಗಿಯೇ ಕೇಳುತ್ತಿದೆ.

ಸಾರಿನಲ್ಲಿ ಬೇಳೆ ಇದೆಯಲ್ಲ ಎಂದು ನೀವು ಕೇಳಬಹುದು. ನಾನು ಆಸ್ಪತ್ರೆಯಲ್ಲಿ ಆಹಾರ ಸಲಹೆಗೆ ಬರುವವರಿಂದ ಅತಿ ಹೆಚ್ಚು ಕೇಳುವ ಮಾತು ಇದೇ. 100 ಗ್ರಾಂ ತೊಗರಿಬೇಳೆಯನ್ನು ನಾಲ್ಕು ಜನ ಎರಡು ಹೊತ್ತು ಹಂಚಿಕೊಂಡರೆ ಒಬ್ಬರ ಒಂದು ಊಟಕ್ಕೆ ಬರುವುದು ಹನ್ನೆರಡೂವರೆ ಗ್ರಾಂ ಬೇಳೆ, ಅದರಲ್ಲಿ ಮೂರು ಗ್ರಾಂಗಿಂತಲೂ ಕಡಿಮೆ ಪ್ರೋಟೀನ್, ಅಂದರೆ ಅರ್ಧ ಮೊಟ್ಟೆಯಷ್ಟೂ ಅಲ್ಲ. ದಿನಕ್ಕೆ ನಿಮಗೆ ದಕ್ಕುತ್ತಿರುವ ಬೇಳೆ 25 ಗ್ರಾಂ. ಅದೇ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ 2000 ಕ್ಯಾಲರಿಯ ಸಸ್ಯಾಹಾರದ ತಟ್ಟೆಗೆ ಸುಮಾರು 85 ಗ್ರಾಂ ಬೇಳೆಕಾಳನ್ನು ಸೂಚಿಸಿದೆ, ಅದೂ 300 ಮಿಲಿಲೀಟರ್ ಹಾಲು ಅಥವಾ ಮೊಸರಿನ ಜೊತೆಗೆ. ಹಾಲೂ ಇಲ್ಲವೆಂದಾದರೆ ಕಾಳಿನ ಪಾಲು ಇನ್ನೂ ಹೆಚ್ಚಬೇಕು. ತಿಳಿಸಾರು ರುಚಿಗೆ ಒಳ್ಳೆಯದು, ಅನ್ನವನ್ನು ನೆನೆಸಲು ಬೇಕು, ಆದರೆ ಅದನ್ನು ಬೇಳೆಯ ಲೆಕ್ಕಕ್ಕೆ ಹಿಡಿಯಬಾರದು.

ನಿಮ್ಮ ಕಡೆಯ ಬಸ್ಸಾರಿನ ಬಗ್ಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ಸೊಪ್ಪು ಮತ್ತು ಕಾಳನ್ನು ಬೇಯಿಸಿ, ನೀರು ಬಸಿದು, ಬಸಿದ ಕಟ್ಟಿನಿಂದ ಸಾರು ಮಾಡಿ, ಉಳಿದ ಸೊಪ್ಪು-ಕಾಳಿಗೆ ಒಗ್ಗರಣೆ ಹಾಕಿ ಪಲ್ಯ ಮಾಡುವ ಈ ಅಡುಗೆ ಸಸ್ಯಾಹಾರದ ಮಟ್ಟಿಗೆ ಹಳೆಯ ಮೈಸೂರು ಸೀಮೆಯ ಅತ್ಯುತ್ತಮ ಊಟಗಳಲ್ಲಿ ಒಂದು. ಆದರೆ ಹೊಟ್ಟೆ ತುಂಬಿಸುವ ಸರಕೆಲ್ಲ ಇರುವುದು ಪಲ್ಯದಲ್ಲಿ. ಬೆಳ್ಳುಳ್ಳಿ, ಮೆಣಸು, ಹುಣಸೆಯ ರುಚಿಗೆ ಮನಸೋತು ಮುದ್ದೆಗೆ ಸಾರನ್ನೇ ಮೇಲಿಂದ ಮೇಲೆ ಹಾಕಿಸಿಕೊಂಡು, ಪಲ್ಯವನ್ನು ತಟ್ಟೆಯ ಅಂಚಿಗೆ ಒಂದು ಚಮಚ ಬಡಿಸಿಕೊಳ್ಳುವವರು ನಿಜವಾದ ಊಟವನ್ನು ಪಾತ್ರೆಯಲ್ಲೇ ಬಿಟ್ಟು ಏಳುತ್ತಾರೆ. ಹುರುಳಿಕಟ್ಟಿನ ಸಾರಿನದೂ ಇದೇ ಕಥೆ, ಕಟ್ಟು ಮನೆಯವರಿಗೆ, ಬೆಂದ ಹುರುಳಿ ದನಕ್ಕೆ ಎಂಬ ರೂಢಿ ಅನೇಕ ಮನೆಗಳಲ್ಲಿ ಇನ್ನೂ ಇದೆ. ಹುರುಳಿಯಲ್ಲಿ 100 ಗ್ರಾಂಗೆ ಸುಮಾರು 22 ಗ್ರಾಂ ಪ್ರೋಟೀನ್ ಇದ್ದು, ಅದರ ಬಹುಪಾಲು ಬೆಂದ ಕಾಳಿನಲ್ಲೇ ಉಳಿಯುತ್ತದೆ. ಅದನ್ನು ಉಸಲಿ ಮಾಡಿಕೊಳ್ಳಿ.

ಹೊಟ್ಟೆ ತುಂಬಿದೆ ಎಂಬ ಸುದ್ದಿ ಮಿದುಳಿಗೆ ಒಂದೇ ದಾರಿಯಲ್ಲಿ ಹೋಗುವುದಿಲ್ಲ. ಜಠರ ಹಿಗ್ಗಿದಾಗ ಅಲ್ಲಿನ ನರಗಳು ಕೂಡಲೇ ತಿಳಿಸುತ್ತವೆ, ಅನ್ನ, ನೀರು, ಸೊಪ್ಪು ಯಾವುದು ತುಂಬಿದರೂ ಈ ಸಂದೇಶ ಹೋಗುತ್ತದೆ, ಆದರೆ ಜಠರ ಖಾಲಿಯಾದಂತೆ ಅದು ಇಳಿಯುತ್ತದೆ. ಎರಡನೆಯದು ಕರುಳಿನಿಂದ ಹೊರಡುವ ಹಾರ್ಮೋನುಗಳ ಸಂದೇಶ. ಪ್ರೋಟೀನ್, ಜಿಡ್ಡು ಸಣ್ಣಕರುಳನ್ನು ಮುಟ್ಟಿದಾಗ ಇವು ಹೆಚ್ಚುತ್ತವೆ, ಜಠರ ಬರಿದಾಗುವುದನ್ನು ನಿಧಾನಗೊಳಿಸುತ್ತವೆ, ಮುಂದಿನ ಊಟದವರೆಗೂ ನೆಮ್ಮದಿ ಕೊಡುತ್ತವೆ. ನಾರಿನಂಶವೂ ಈ ಕೆಲಸಕ್ಕೆ ನೆರವಾಗುತ್ತದೆ. ನಿಮ್ಮ ಮಧ್ಯಾಹ್ನದ ಊಟ ಮೊದಲ ಸಂದೇಶವನ್ನು ಚೆನ್ನಾಗಿಯೇ ಕಳುಹಿಸುತ್ತದೆ, ಎರಡನೆಯದು ದುರ್ಬಲವಾಗಿದೆ, ಆದ್ದರಿಂದಲೇ ನಾಲ್ಕು ಗಂಟೆಗೆ ಆ ಹಸಿವು. ಮೃದುವಾದ ಅನ್ನಕ್ಕೆ ತಿಳಿಸಾರು ಕಲಸಿ ಹತ್ತು ನಿಮಿಷದಲ್ಲಿ, ಸ್ಟಾಫ್ ರೂಮಿನಲ್ಲಿ ಪುಸ್ತಕ ತಿದ್ದುತ್ತಾ ಮುಗಿಸಿದರೆ, ಈ ಸಂದೇಶಗಳು ಮಿದುಳಿಗೆ ಸರಿಯಾಗಿ ತಲುಪುವ ಮೊದಲೇ ಡಬ್ಬಿ ಖಾಲಿಯಾಗಿರುತ್ತದೆ.

ರಾತ್ರಿಯ ಅತೃಪ್ತಿಗೆ ಬೇರೆ ಕಾರಣವಿದೆಯೆಂದು ನನಗನ್ನಿಸುತ್ತದೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮೊಸರನ್ನದಿಂದ ಮುಗಿಯುತ್ತಿದ್ದ ಊಟ ಈಗ ಸಾರನ್ನಕ್ಕೇ ನಿಂತಿದೆ. ಆ ತಂಪು, ಆ ಹುಳಿ, ಜೊತೆಗೊಂದು ಉಪ್ಪಿನಕಾಯಿ, ಇವು ಬಂದಾಗ ಊಟ ಮುಗಿಯಿತು ಎಂದು ಮಿದುಳು ಬಾಲ್ಯದಿಂದಲೂ ಕಲಿತಿದೆ. ಅದನ್ನು ಇಚ್ಛಾಶಕ್ತಿಯಿಂದ ಗೆಲ್ಲಬೇಕಾಗಿಲ್ಲ. ನೆನೆಸಿದ ಶೇಂಗಾವನ್ನು ರುಬ್ಬಿ, ಸೋಸಿ, ಆ ಹಾಲನ್ನು ಕುದಿಸಿ, ಉಗುರುಬೆಚ್ಚಗಾದ ಮೇಲೆ ಹೆಪ್ಪು ಹಾಕಿದರೆ ಮೊಸರಿನಂಥದ್ದೇ ಸಿದ್ಧವಾಗುತ್ತದೆ, ಮೊದಲ ಹೆಪ್ಪಿಗೆ ಹಸಿಮೆಣಸಿನಕಾಯಿಯ ತೊಟ್ಟುಗಳನ್ನು ಬಳಸುವವರಿದ್ದಾರೆ. ಹುಳಿಯಲ್ಲದ ಬೇರೆ ವಾಸನೆ ಬಂದರೆ ಚೆಲ್ಲಿಬಿಡಿ. ಕ್ಯಾಲ್ಸಿಯಂನಲ್ಲಿ ಇದು ಹಾಲಿನ ಮೊಸರಿಗೆ ಸಮವಲ್ಲ ಎಂಬುದೂ ತಿಳಿದಿರಲಿ. ಇದು ಬೇಡವೆನಿಸಿದರೆ ತೆಂಗಿನಹಾಲು ಹಾಕಿದ ಪುನರ್ಪುಳಿ ಸಾರು, ತಣ್ಣನೆಯ ಹೆಸರುಬೇಳೆ ಕೋಸಂಬರಿಗೆ ನಿಂಬೆಹುಳಿ, ಹೀಗೆ ಊಟದ ಕೊನೆಗೆ ಹುಳಿ-ತಂಪು ಒಂದು ಇರಲಿ.

ಕಾಳು ಹೆಚ್ಚಿಸುವುದೇ ಮುಖ್ಯ ದಾರಿ, ಅದರ ಅಡ್ಡಿ ಗ್ಯಾಸ್. ಕಾಳುಗಳಲ್ಲಿರುವ ರಾಫಿನೋಸ್, ಸ್ಟಾಕಿಯೋಸ್ ಎಂಬ ಸಕ್ಕರೆಗಳನ್ನು ಜೀರ್ಣಿಸುವ ಕಿಣ್ವ ನಮ್ಮ ಸಣ್ಣಕರುಳಿನಲ್ಲಿಲ್ಲ. ಅವು ದೊಡ್ಡಕರುಳಿಗೆ ಹೋಗಿ ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುವಾಗ ಗಾಳಿ ಹುಟ್ಟುತ್ತದೆ. ಇದು ರೋಗವಲ್ಲ, ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ಕಡಿಮೆಯಾಗುತ್ತದೆ. ರಾತ್ರಿಯಿಡೀ ನೆನೆಸಿ ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಬೇಯಿಸುವುದು, ಮೊಳಕೆ ಬರಿಸುವುದು ಈ ಸಕ್ಕರೆಗಳನ್ನು ಇಳಿಸುತ್ತವೆ. ಇಂಗು, ಶುಂಠಿ, ಜೀರಿಗೆಯ ಒಗ್ಗರಣೆ ಹಾಕುವ ರೂಢಿಯನ್ನು ಬಿಡಬೇಕಾಗಿಲ್ಲ. ಅರ್ಧ ಬಟ್ಟಲಿನಿಂದ ಆರಂಭಿಸಿ, ಮೊದಲು ಹೆಸರುಬೇಳೆ, ಹೆಸರುಕಾಳು, ನಂತರ ಅಲಸಂದೆ, ಹುರುಳಿ, ಕೊನೆಗೆ ಕಡಲೆಕಾಳು, ರಾಜ್ಮಾ ಎಂಬ ಕ್ರಮದಲ್ಲಿ ಹೋಗಿ. ರಾಜ್ಮಾವನ್ನು ಮಾತ್ರ ಎಂದೂ ಅರೆಬೆಂದಿರುವಾಗ ತಿನ್ನಬೇಡಿ, ಅದರಲ್ಲಿರುವ ಲೆಕ್ಟಿನ್ ವಾಂತಿ-ಭೇದಿ ತರಿಸಬಲ್ಲದು, ಕುಕ್ಕರಿನಲ್ಲಿ ಪೂರ್ತಿ ಬೇಯಿಸಿದರೆ ಅದು ನಾಶವಾಗುತ್ತದೆ. ಕಾಳು, ನಾರು ಹೆಚ್ಚಿದಾಗ ನೀರನ್ನೂ ಹೆಚ್ಚಿಸಬೇಕು, ಇಲ್ಲವಾದರೆ ಮಲಬದ್ಧತೆಯಾಗಿ ಸಸ್ಯಾಹಾರದ ಮೇಲೆಯೇ ಬೇಸರ ಬರುತ್ತದೆ.

ಜಿಡ್ಡಿನ ವಿಷಯದಲ್ಲಿ ಎರಡು ಅತಿರೇಕಗಳನ್ನು ಕಾಣುತ್ತೇನೆ. ಆರೋಗ್ಯದ ಹೆಸರಿನಲ್ಲಿ ಎಣ್ಣೆ, ಕಾಯಿ, ಶೇಂಗಾ ಎಲ್ಲವನ್ನೂ ಬಿಟ್ಟು ಸೊಪ್ಪು, ಸೌತೆಕಾಯಿಯಲ್ಲಿ ಹೊಟ್ಟೆ ತುಂಬಿಸಿಕೊಳ್ಳುವವರು ಒಂದು ಕಡೆ, ಜಠರ ಬಿಗಿದಿದ್ದರೂ ಅವರಿಗೆ ಶಕ್ತಿ ಸಾಲದು. ಟಿ.ವಿ. ನೋಡುತ್ತಾ ಮುಷ್ಟಿ ಮುಷ್ಟಿ ಗೋಡಂಬಿ ತಿನ್ನುವವರು ಇನ್ನೊಂದು ಕಡೆ. ನಿಮಗೆ ತೂಕ ಇಳಿದಿರುವುದರಿಂದ ದಿನಕ್ಕೆ 30 ಗ್ರಾಂ ಶೇಂಗಾ, ಜೊತೆಗೆ ಎಳ್ಳು, ಅಗಸೆ, ಗುರೆಳ್ಳು ಚಟ್ನಿಪುಡಿ ಧೈರ್ಯವಾಗಿ ಬೇಕು. 30 ಗ್ರಾಂ ಶೇಂಗಾದಲ್ಲಿ ಸುಮಾರು ಏಳು ಗ್ರಾಂ ಪ್ರೋಟೀನ್, 170 ಕ್ಯಾಲರಿಯಷ್ಟು ಶಕ್ತಿ ಇದೆ. ಉತ್ತರ ಕರ್ನಾಟಕದ ಊಟವನ್ನು ನೋಡಿ, ಜೋಳದ ರೊಟ್ಟಿ, ಮಡಿಕೆಕಾಳಿನ ಪಲ್ಯ, ಶೇಂಗಾ ಹಿಂಡಿ, ಹಸಿ ಈರುಳ್ಳಿ: ಮೊಸರನ್ನು ಪಕ್ಕಕ್ಕಿಟ್ಟರೂ ಹೊಟ್ಟೆ ತುಂಬಿಸುವ ಮಟ್ಟಿಗೆ ಅದರಲ್ಲಿ ಯಾವ ಕೊರತೆಯೂ ಕಾಣುವುದಿಲ್ಲ.

ಅನ್ನವನ್ನು ಬಿಟ್ಟರೆ ಸರಿಹೋಗುತ್ತದೆಯೇ ಎಂದು ಹಲವರು ಕೇಳುತ್ತಾರೆ. ಬಿಡಬೇಕಾಗಿಲ್ಲ, ಆದರೆ ಒಂದು ಹೊತ್ತು ರಾಗಿ ಅಥವಾ ಜೋಳಕ್ಕೆ ಬದಲಿಸಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಪಾಲಿಷ್ ಮಾಡಿದ ಅಕ್ಕಿಯಲ್ಲಿ 100 ಗ್ರಾಂಗೆ ಮೂರು ಗ್ರಾಂಗಿಂತ ಕಡಿಮೆ ನಾರಿದ್ದರೆ ರಾಗಿಯಲ್ಲಿ ಸುಮಾರು 11 ಗ್ರಾಂ ಇದೆ, ಹಾಲು ಬಿಟ್ಟವರಿಗೆ ಅತ್ಯಗತ್ಯವಾದ ಕ್ಯಾಲ್ಸಿಯಂ 350 ಮಿಲಿಗ್ರಾಂಗೂ ಹೆಚ್ಚು. ರಾಗಿ ಮಾಲ್ಟ್ ಕುಡಿದರೂ ಆಗುತ್ತದೆಂದು ಮುದ್ದೆ ಬಿಡಬೇಡಿ, ಸಕ್ಕರೆ ಹಾಕಿದ ತೆಳು ಮಾಲ್ಟ್ ಬೇಗ ಇಳಿದುಹೋಗುತ್ತದೆ, ಅದರಲ್ಲಿ ರಾಗಿಯ ಪ್ರಮಾಣವೂ ಕಡಿಮೆ.

ಹಾಗಾದರೆ ದಿನ ಹೇಗಿರಬಹುದು? ಬೆಳಿಗ್ಗೆ 40 ಗ್ರಾಂ ಹೆಸರುಕಾಳು ಬೀಳುವಷ್ಟು ಹೆಸರುಕಾಳಿನ ದೋಸೆ ಮತ್ತು ಶೇಂಗಾ ಚಟ್ನಿ, ಅಥವಾ ಇಡ್ಲಿಯಾದರೆ ಎರಡು ಸೌಟು ಗಟ್ಟಿ ಸಾಂಬಾರಿನ ಜೊತೆಗೆ. ಉಪ್ಪಿಟ್ಟಾದರೆ ಅವರೆಕಾಳಿನ ಕಾಲದಲ್ಲಿ ಅವರೆಕಾಳು, ಉಳಿದಂತೆ ಬಟಾಣಿ, ಶೇಂಗಾ ಕೈತುಂಬ ಹಾಕಿ. ಮಧ್ಯಾಹ್ನದ ಡಬ್ಬಿಯಲ್ಲಿ ಅನ್ನದಷ್ಟೇ ಜಾಗ ಕಾಳುಪಲ್ಯಕ್ಕೂ ತರಕಾರಿಗೂ ಸಿಗಲಿ. ನಾಲ್ಕು ಗಂಟೆಗೆ ಬಿಸ್ಕತ್ತಿನ ಬದಲು ಬೇಯಿಸಿದ ಕಡಲೆಕಾಯಿ ಅಥವಾ ಹುರಿಗಡಲೆ, ಒಂದು ಸೀಬೆಹಣ್ಣು. ರಾತ್ರಿ ಒಂದು ಮುದ್ದೆ, ಹುರುಳಿ ಉಸಲಿ ಅಥವಾ ಬಸ್ಸಾರಿನ ಪಲ್ಯ ಒಂದು ಬಟ್ಟಲು ತುಂಬ, ಕೊನೆಗೆ ನಾಲ್ಕು ತುತ್ತು ಶೇಂಗಾ ಮೊಸರನ್ನ. ಈ ಲೆಕ್ಕದಲ್ಲಿ ನಿಮ್ಮ 48 ಗ್ರಾಂ ಪ್ರೋಟೀನ್ ಅಡುಗೆಮನೆಯ ಸಾಮಗ್ರಿಯಿಂದಲೇ ಪೂರೈಸುತ್ತದೆ. ಸಸ್ಯಮೂಲದ ಪ್ರೋಟೀನ್ ಸ್ವಲ್ಪ ಕಡಿಮೆ ಜೀರ್ಣವಾಗುವುದರಿಂದ ವಾರಕ್ಕೆ ಎರಡು-ಮೂರು ಸಲ ಸೋಯಾ ಚಂಕ್ಸ್ ಅಥವಾ ತೋಫು ಸೇರಿಸಿದರೆ ಒಳ್ಳೆಯದು. ಧಾನ್ಯ-ಬೇಳೆ ಒಂದೇ ತುತ್ತಿನಲ್ಲಿ ಕೂಡಬೇಕೆಂಬ ನಿಯಮವೇನೂ ಇಲ್ಲ, ದಿನದಲ್ಲಿ ಎರಡೂ ಇದ್ದರೆ ಅಮೈನೋ ಆಮ್ಲಗಳ ಕೊರತೆ ಪರಸ್ಪರ ತುಂಬಿಕೊಳ್ಳುತ್ತದೆ.

ಪ್ರೋಟೀನ್ ಪುಡಿ ವಿಷವಲ್ಲ, ಅನಿವಾರ್ಯವೂ ಅಲ್ಲ. ನೀರಿಗೆ ಕಲಸಿ ಕುಡಿಯುವ ಪುಡಿ, ಅಗಿದು ತಿನ್ನುವ ಒಂದು ಬಟ್ಟಲು ಕಾಳಿನಷ್ಟು ತೃಪ್ತಿ ಕೊಡುವುದಿಲ್ಲ. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಪುಡಿಯನ್ನಾಗಲಿ, ಕಾಳಿನ ಪ್ರಮಾಣವನ್ನಾಗಲಿ ಹೆಚ್ಚಿಸಬಾರದು. ವೀಗನ್ ಎಂದು ಬರೆದ ಪ್ಯಾಕೆಟ್ ತಿಂಡಿಗಳಲ್ಲಿ ಉಪ್ಪು, ಎಣ್ಣೆ ಸಾಕಷ್ಟಿರುತ್ತವೆ, ಲೇಬಲ್ ಓದಿ.

ಒಂದು ವಿಷಯದಲ್ಲಿ ಮಾತ್ರ ರಾಜಿ ಇಲ್ಲ. ವಿಟಮಿನ್ ಬಿ12 ಸಸ್ಯಾಹಾರದಲ್ಲಿ ನೆಚ್ಚಿಕೊಳ್ಳುವಷ್ಟು ಸಿಗುವುದಿಲ್ಲ. ಹಾಲನ್ನೂ ಬಿಟ್ಟವರು ಇದರ ಮಾತ್ರೆ ತೆಗೆದುಕೊಳ್ಳಲೇಬೇಕು, ಪ್ರಮಾಣವನ್ನು ವೈದ್ಯರು ರಕ್ತಪರೀಕ್ಷೆ ನೋಡಿ ಹೇಳುತ್ತಾರೆ. ಇದರ ಕೊರತೆ ನಿಧಾನವಾಗಿ ಬರುತ್ತದೆ, ಸುಸ್ತು, ಪಾದಗಳಲ್ಲಿ ಜುಮ್ಮೆನ್ನುವುದು, ಮರೆವು ಕಾಣಿಸಿಕೊಳ್ಳುವಷ್ಟರಲ್ಲಿ ತಡವಾಗಿರಬಹುದು. ಬಿ12ರ ಜೊತೆಗೆ ಹಿಮೋಗ್ಲೋಬಿನ್, ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ವಿಟಮಿನ್ ಡಿ, ರಕ್ತದ ಸಕ್ಕರೆ, ಥೈರಾಯ್ಡ್ ಇಷ್ಟನ್ನು ಒಮ್ಮೆ ನೋಡಿಸಿ. ಕಬ್ಬಿಣದ ಕೊರತೆಯ ಆಯಾಸವನ್ನು ಹಸಿವೆಂದು ತಿಳಿದು ತಿನ್ನುತ್ತಲೇ ಇರುವವರನ್ನು ನೋಡಿದ್ದೇನೆ. ಊಟದ ಹಿಂದೆ ಮುಂದೆ ಒಂದು ಗಂಟೆ ಕಾಫಿ, ಟೀ ಬೇಡ, ಸೊಪ್ಪು-ಕಾಳಿನ ಮೇಲೆ ನಿಂಬೆಹಣ್ಣು ಹಿಂಡಿ, ಕಬ್ಬಿಣ ಚೆನ್ನಾಗಿ ಹೀರಲ್ಪಡುತ್ತದೆ. ಹಸಿವಿನೊಂದಿಗೆ ಅತಿಯಾದ ಬಾಯಾರಿಕೆ, ಪದೇ ಪದೇ ಮೂತ್ರ, ಕೈನಡುಕ, ಎದೆಬಡಿತ ಇದ್ದರೆ, ಅಥವಾ ಚೆನ್ನಾಗಿ ತಿಂದೂ ತೂಕ ಇಳಿಯುತ್ತಲೇ ಇದ್ದರೆ, ಆಹಾರ ಬದಲಿಸುತ್ತಾ ಕಾಯಬೇಡಿ, ವೈದ್ಯರ ಬಳಿ ಹೋಗಿ.

ಇಷ್ಟರ ಮೇಲೂ ನಿಮಗೆ ಮೊಸರೋ ಮೊಟ್ಟೆಯೋ ಮತ್ತೆ ಬೇಕೆನಿಸಿದರೆ, ಅದೂ ಗೌರವದ ಆಯ್ಕೆಯೇ, ಸೋಲಲ್ಲ. ಗರ್ಭಿಣಿಯಾಗುವ ಯೋಚನೆಯಿದ್ದರೆ, ಅಥವಾ ಮನೆಯ ಚಿಕ್ಕ ಮಕ್ಕಳಿಗೂ ಇದೇ ಆಹಾರ ಕೊಡುವ ಯೋಚನೆಯಿದ್ದರೆ, ಮುಂಚಿತವಾಗಿ ತಜ್ಞರೊಂದಿಗೆ ಕುಳಿತು ಮಾತನಾಡಿ, ಮಕ್ಕಳ ಪುಟ್ಟ ಹೊಟ್ಟೆಗೆ ಸೊಪ್ಪು-ನಾರು ಹೆಚ್ಚಾದರೆ ಬೆಳವಣಿಗೆಗೆ ಬೇಕಾದ ಶಕ್ತಿ ಹಿಡಿಸುವುದಿಲ್ಲ. ಅತ್ತೆಯವರ ಮಾತನ್ನು ಟೀಕೆಯೆಂದು ತೆಗೆದುಕೊಳ್ಳಬೇಡಿ. ಬರೀ ಸೊಪ್ಪಿನಿಂದ ಮೈಗೆ ಹತ್ತುವುದಿಲ್ಲ ಎಂಬುದು ನಿಜ, ಕಾಳು ನೆನೆಹಾಕುವುದರಲ್ಲಿ, ಮೊಳಕೆ ಕಟ್ಟುವುದರಲ್ಲಿ ಅವರ ಕೈ ನಿಮಗೆ ಬೇಕಾಗುತ್ತದೆ. ಮನೆಯ ಸಾರಿಗೆ ಹಾಕುವ ಬೇಳೆಯನ್ನು ಈ ವಾರವೇ ದುಪ್ಪಟ್ಟು ಮಾಡಿ, ಉಳಿದುದನ್ನು ಒಂದೊಂದಾಗಿ ಸೇರಿಸಿ. ನಾಲ್ಕು ವಾರದ ನಂತರವೂ ನಾಲ್ಕು ಗಂಟೆಯ ಹಸಿವು ಹಾಗೆಯೇ ಇದ್ದರೆ, ಮೂರು ದಿನ ತಿಂದದ್ದನ್ನೆಲ್ಲ, ಹಸಿ ಬೇಳೆಕಾಳಿನ ತೂಕದ ಸಮೇತ, ಬರೆದಿಟ್ಟುಕೊಂಡು ರಕ್ತಪರೀಕ್ಷೆಯ ವರದಿಗಳೊಂದಿಗೆ ಹತ್ತಿರದ ಆಹಾರತಜ್ಞರನ್ನು ಕಾಣಿರಿ.